ಗಾಯ ಮಾಯ್ದ ಮೇಲೆ

ಗಾಯಕ್ಕೆ ಸಂಸ್ಕೃತದಲ್ಲಿ ‘ವ್ರಣ’ವೆಂಬ ಹೆಸರು ಏತಕ್ಕೆ ಬಂದಿತೆಂಬುದನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂದೆಡೆ ಹೇಳಿದೆ. ಗಾಯವು ಮಾಯ್ದುಹೋದ ಮೇಲೂ ಅದರ ನೆಲೆಯು, ಎಂದರೆ ‘ವ್ರಣವಸ್ತು’ವು, ದೇಹವಿರುವ ತನಕ ಅಳಿಯದೆ ಆ ಎಡೆಯನ್ನು ಆವರಿಸಿಕೊಂಡೇ ಇರುವುದು; ಹಾಗೆ ಆವರಿಸುವ ಕಾರಣದಿಂದ ಬಲ್ಲವರು ಅದನ್ನು ವ್ರಣವೆನ್ನುವರು, ಎಂಬುದು ಅಲ್ಲಿಯ ತಾತ್ಪರ್ಯ. ಧಾತುಪಾಠವನ್ನು ನಂಬುವವರು ಈ ವ್ಯುತ್ಪತ್ತಿಯನ್ನು ಒಪ್ಪಲಾರರು. ಅಲ್ಲಿ ‘ವ್ರಣ’ ಎಂಬ ಪ್ರತ್ಯೇಕ ಧಾತುವೇ ಇದೆ. ಆದರೆ ವೈದ್ಯನು ವ್ಯಾಕರಣಕ್ಕಾಗಿ ಮಾತನಾಡುವವನಲ್ಲ. ಗಾಯದ ಕಥೆಯು ಹೊಲಿಗೆ ಕೂಡಿಕೊಂಡ ದಿನಕ್ಕೆ ಮುಗಿಯುವುದಿಲ್ಲ, ಅದರ ಉತ್ತರಕಾಂಡವೇ ಹೆಚ್ಚು ದೀರ್ಘವಾದದ್ದು, ಎಂಬ ಅನುಭವವು ಆ ನಿರ್ವಚನದ ಹಿಂದೆ ಇರುವಂತೆ ನಮಗೆ ತೋರುತ್ತದೆ. ಆ ಉತ್ತರಕಾಂಡವನ್ನು ನಾವು ನಮ್ಮ ಮನೆಯಲ್ಲಿಯೇ ಹದಿನೆಂಟು ತಿಂಗಳ ಕಾಲ ಕಂಡೆವು. ಕಂಡದ್ದನ್ನು ಮಗಳ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಎರಡನೆಯ ಮಗಳಿಗೆ ೨೦೧೯ನೆಯ ಇಸವಿಯಲ್ಲಿ ಅವಳಿ ಮಕ್ಕಳಾದುವು. ಶಸ್ತ್ರದಿಂದ ಆದ ಹೆರಿಗೆ. ಮಕ್ಕಳು ಇಬ್ಬರೂ ಪುಷ್ಟರಾಗಿದ್ದರು. ತಾಯಿಯ ಉದರವು ಮಾತ್ರ ಮತ್ತೆ ತನ್ನ ಸ್ಥಿತಿಗೆ ಬರಲಿಲ್ಲ. ಹೊಟ್ಟೆಯ ಮುಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಎರಡು ಮಾಂಸದ ಪಟ್ಟಿಗಳು ನಡುವೆ ಬಿಟ್ಟುಕೊಂಡು ದೂರವಾಗಿದ್ದುವು. ಹೊಕ್ಕುಳಿನಲ್ಲಿ ಸಣ್ಣದೊಂದು ಹರ್ನಿಯಾ ಕಾಣಿಸಿಕೊಂಡಿತು. ಸಡಿಲವಾದ ಚರ್ಮವು ಕೆಳಹೊಟ್ಟೆಯ ಮೇಲೆ ಮಡಿಕೆಯಾಗಿ ಇಳಿಬಿದ್ದು, ಬೇಸಗೆ ಬಂದರೆ ಆ ಮಡಿಕೆಯೊಳಗೆ ಬೆವರು ನಿಂತು ಕೆಂಪಾಗಿ ಹುಣ್ಣಾಗುವುದು, ಔಷಧದ ಪುಡಿಯನ್ನು ಉದುರಿಸಿದರೆ ಒಣಗುವುದು, ಎಂಟು ದಿವಸ ಕಳೆದರೆ ಮತ್ತೆ ಹುಣ್ಣಾಗುವುದು. ಇದರ ಜೊತೆಗೆ ನಡುನೋವು. ನಾಲ್ಕು ವರ್ಷ ವ್ಯಾಯಾಮ, ಪಥ್ಯ ಎಲ್ಲವೂ ನಡೆದುವು. ಮೈತೂಕ ಇಳಿಯಿತು, ಮಡಿಕೆ ಹೋಗಲಿಲ್ಲ. ಹಿಗ್ಗಿ ಎಳೆತಪ್ಪಿದ ಚರ್ಮವನ್ನು ವ್ಯಾಯಾಮವು ಕುಗ್ಗಿಸಲಾರದೆಂದು ವೈದ್ಯರು ಮೊದಲೇ ತಿಳಿಸಿದ್ದರು. ಕೊನೆಗೆ ೨೦೨೩ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಕೆಗೆ ‘ಅಬ್ಡಾಮಿನೋಪ್ಲ್ಯಾಸ್ಟಿ’ ಎಂಬ ಶಸ್ತ್ರಕ್ರಿಯೆಯಾಯಿತು. ನಾವು ಇದನ್ನು ಉದರಸಂಧಾನವೆಂದು ಕರೆದುಕೊಂಡೆವು. ಮಗಳ ಗೆಳತಿಯರು ‘ಟಮ್ಮಿ ಟಕ್’ ಎನ್ನುತ್ತಾರೆ.

ಇದು ನಿನ್ನೆಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಸ್ತ್ರೀರೋಗಗಳ ವೈದ್ಯರಾಗಿದ್ದ ಹೊವರ್ಡ್ ಕೆಲ್ಲಿಯವರು ಜೋಲುಬಿದ್ದ ಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ಕತ್ತರಿಸಿ ತೆಗೆದುದನ್ನು ೧೮೯೯ರಲ್ಲಿಯೇ ಪ್ರಕಟಿಸಿದ್ದರು. ಉಡುಪಿನ ಮರೆಯಲ್ಲಿ ಅಡಗುವಂತೆ ಗೆರೆಯನ್ನು ಬಹಳ ಕೆಳಗೆ ಹಾಕುವ ಪದ್ಧತಿಯನ್ನು ಬ್ರೆಜಿಲ್ ದೇಶದ ಈವೋ ಪಿಟಾಂಗಿಯವರು ೧೯೬೭ರಲ್ಲಿ ಪ್ರಕಟಿಸಿ ಪ್ರಸಿದ್ಧಿಗೆ ತಂದರು. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ, ಕಿಬ್ಬೊಟ್ಟೆಯ ತಳದಲ್ಲಿ, ಬಾಗಿದ ಗೆರೆಯಾಗಿ ಕೊಯ್ಯುತ್ತಾರೆ. ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ ಎತ್ತಿ, ಅಗಲಿದ ಮಾಂಸಪಟ್ಟಿಗಳನ್ನು ನಡುವೆ ಸೇರಿಸಿ ಹೊಲಿಯುತ್ತಾರೆ. ಚರ್ಮವನ್ನು ಕೆಳಕ್ಕೆ ಎಳೆದು ಹೆಚ್ಚಿನ ಭಾಗವನ್ನು ಕತ್ತರಿಸಿಬಿಡುತ್ತಾರೆ. ಹೊಕ್ಕುಳು ತನ್ನ ಕಾಂಡದ ಮೇಲೆ ಇದ್ದಲ್ಲಿಯೇ ಇರುತ್ತದೆ. ಅದಕ್ಕೆ ಹೊಸ ಚರ್ಮದಲ್ಲಿ ಹೊಸ ಬಾಗಿಲನ್ನು ತೆರೆಯುತ್ತಾರೆ. ಹೀಗೆ ಉಳಿಯುವ ಕಲೆಗಳು ಎರಡು: ಸುಮಾರು ಒಂದು ಮೊಳದುದ್ದದ ಗೆರೆಯೊಂದು, ಹೊಕ್ಕುಳಿನ ಸುತ್ತಣ ಉಂಗುರವೊಂದು. ಹೆರಿಗೆಯ ಹಳೆಯ ಗೆರೆಯು ಕತ್ತರಿಸಿದ ಚರ್ಮದೊಡನೆ ಹೋಯಿತು.

ನೆಂಟರಲ್ಲಿ ಕೆಲವರು ಇದಕ್ಕೆ ಮೂಗು ಮುರಿದರು. ಎರಡು ಮಕ್ಕಳ ತಾಯಿಗೆ ಈ ಸೌಂದರ್ಯದ ಹುಚ್ಚೇಕೆ, ಎಂದವರುಂಟು. ಮಡಿಕೆಯೊಳಗಿನ ಹುಣ್ಣನ್ನು ಅವರು ಕಂಡಿರಲಿಲ್ಲ. ಕಂಡಿದ್ದರೂ ಸುಮ್ಮನಾಗುತ್ತಿದ್ದರೆಂದು ಹೇಳಲಾಗದು. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿದು ಕಟ್ಟಿ ‘ಹೊಟ್ಟೆ ಬರಬಾರದು’ ಎಂದು ನಲವತ್ತು ದಿನ ಕಾವಲಿರುವ ನಮ್ಮ ಅಜ್ಜಿಯರು ಸೌಂದರ್ಯದ ಹುಚ್ಚಿನವರೆಂದು ಯಾರೂ ಹೇಳಿದ್ದಿಲ್ಲ. ಇನ್ನೊಂದು ವೃತ್ತಾಂತವನ್ನೂ ಇಲ್ಲಿ ನೆನೆಯಬಹುದು. ಟೀಪುಸುಲ್ತಾನನ ಮೇಲೆ ೧೭೯೨ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬುವನು ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಕಡೆಯ, ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಕಟ್ಟಿಕೊಟ್ಟ ಸಂಗತಿಯು ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ಅಚ್ಚಾಯಿತು. ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ಮಾಡಿದರು. ಮುಖದ ಕೊರತೆಯನ್ನು ನೀಗಿಕೊಳ್ಳಲು ಆ ಬಡಪಾಯಿ ಹಣೆಯ ಮೇಲೊಂದು ಕಲೆಯನ್ನು ಒಪ್ಪಿಕೊಂಡನು. ಇಂಥ ಶಸ್ತ್ರಕ್ರಿಯೆಗಳೆಲ್ಲವೂ ಈ ಬಗೆಯ ವಿನಿಮಯವೇ. ನಮ್ಮ ಮಗಳೂ ಒಂದು ಮಡಿಕೆಯನ್ನು ಕೊಟ್ಟು ಒಂದು ಗೆರೆಯನ್ನು ಕೊಂಡಳು.

ಐದನೆಯ ದಿನ ಆಕೆಯನ್ನು ನಮ್ಮ ಮನೆಗೆ ಕರೆತಂದೆವು. ಚರ್ಮವನ್ನು ಬಿಗಿಯಾಗಿ ಎಳೆದು ಹೊಲಿದಿರುವುದರಿಂದ ನೆಟ್ಟಗೆ ನಿಲ್ಲುವ ಹಾಗಿಲ್ಲ. ಹತ್ತು ಹನ್ನೆರಡು ದಿನ ಮುದುಕಿಯಂತೆ ಬಾಗಿಯೇ ನಡೆಯಬೇಕು. ಮಲಗುವಾಗ ಬೆನ್ನಿನ ಹಿಂದೆ ಎರಡು ದಿಂಬು, ಮಂಡಿಯ ಕೆಳಗೆ ಒಂದು. ಇದರ ಉದ್ದೇಶ ನೋವಿನ ಶಮನವಷ್ಟೇ ಅಲ್ಲ. ಗೆರೆಯ ಮೇಲೆ ಎಳೆತ ಕಡಮೆಯಾದಷ್ಟೂ ಮುಂದೆ ಕಲೆಯು ಕಿರಿದಾಗುತ್ತದೆ. ಚರ್ಮಕ್ಕೆ ತನ್ನದೇ ಆದ ಎಳೆಯ ದಿಕ್ಕುಗಳಿವೆಯೆಂಬುದನ್ನು ವಿಯೆನ್ನಾದ ಲ್ಯಾಂಗರ್ ಎಂಬ ಶರೀರಶಾಸ್ತ್ರಜ್ಞರು ೧೮೬೧ರಲ್ಲಿ ತೋರಿಸಿಕೊಟ್ಟರು. ಹೊಟ್ಟೆಯ ಮೇಲೆ ಅವು ಬಹುಮಟ್ಟಿಗೆ ಅಡ್ಡಡ್ಡವಾಗಿ ಹರಿಯುತ್ತವೆ. ಅಡ್ಡ ಗೆರೆಯು ಉದ್ದ ಗೆರೆಗಿಂತ ಅಂದವಾಗಿ ಮಾಯುವುದು ಇದರಿಂದಲೇ. ಆದರೂ ಎಳೆತವು ಎಳೆತವೇ. ನೆಟ್ಟಗಾಗುವ ಆತುರ ಬೇಡವೆಂದು ವೈದ್ಯರು ಹೇಳಿದ್ದರು. ಹಾಗೆಂದು ಮಂಚ ಹಿಡಿದು ಮಲಗಿಯೇ ಇರುವುದೂ ಕೂಡದು. ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಭಯವು ಈ ಶಸ್ತ್ರಕ್ರಿಯೆಯ ಬಳಿಕ ಉಂಟು. ಆದುದರಿಂದ ನಡುಮನೆಯಿಂದ ಹಿತ್ತಿಲವರೆಗೆ ಗಂಟೆಗೊಮ್ಮೆ ಬಾಗಿಕೊಂಡೇ ನಡೆಯುವುದು ನೇಮವಾಯಿತು.

ಎರಡು ಪಕ್ಕಗಳಲ್ಲಿಯೂ ರಬ್ಬರಿನ ನಾಳಗಳು ಜೋತಾಡುತ್ತಿದ್ದುವು. ಚರ್ಮದ ಕೆಳಗೆ ಒಸರುವ ದ್ರವವು ಅವುಗಳ ತುದಿಯ ಬುಡ್ಡಿಗಳಲ್ಲಿ ಇಳಿಯುವುದು. ಎಷ್ಟು ಇಳಿಯಿತೆಂದು ಹೊತ್ತುಹೊತ್ತಿಗೆ ಅಳೆದು ಬರೆದಿಡುವ ಕೆಲಸ ನಮ್ಮದು. ಹಾಜರಿ ಪುಸ್ತಕದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂದಿತು. ಒಂದು ಹಗಲಿರುಳಿನಲ್ಲಿ ಮೂವತ್ತು ಮಿಲಿಲೀಟರಿಗಿಂತ ಕಡಮೆಯಾದ ಮೇಲೆ ನಾಳವನ್ನು ತೆಗೆದರು. ಅದನ್ನು ತೆಗೆದ ಮೇಲೆ ಹೊಟ್ಟೆಯು ಒಂದು ಕಡೆ ಉಬ್ಬಿ, ಮುಟ್ಟಿದರೆ ನೀರು ತುಂಬಿದ ಚೀಲದಂತೆ ಅಲುಗಿದರೆ ಒಳಗೆ ದ್ರವ ನಿಂತಿದೆಯೆಂದು ತಿಳಿದು ಕೂಡಲೇ ತೋರಿಸಬೇಕು. ಸೂಜಿಯಿಂದ ಅದನ್ನು ತೆಗೆದುಬಿಡುವುದು ಸುಲಭ. ನಮಗೆ ಆ ತೊಂದರೆ ಬರಲಿಲ್ಲ.

ಈ ದಿನಗಳಲ್ಲಿ ನಾವು ಸುಶ್ರುತದ ವ್ರಣಿತೋಪಾಸನೀಯವೆಂಬ ಅಧ್ಯಾಯವನ್ನು ಮತ್ತೆ ತೆಗೆದು ಓದಿದೆವು. ಗಾಯಗೊಂಡವನನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂಬುದೇ ಅದರ ವಿಷಯ. ಗಾಳಿ ಬಿಸಿಲುಗಳ ಬಾಧೆಯಿಲ್ಲದ ಶುಚಿಯಾದ ಮನೆ, ಇಕ್ಕಟ್ಟಲ್ಲದ ಹಾಸಿಗೆ, ಇನಿದಾಗಿ ಮಾತನಾಡಿ ನೋವನ್ನು ಮರೆಸುವ ಸ್ನೇಹಿತರು, ಇವೆಲ್ಲ ಅಲ್ಲಿ ಬರುತ್ತವೆ. ಗಾಯವನ್ನು ಉಜ್ಜಬಾರದು, ಚುಚ್ಚಬಾರದು, ತುರಿಸಬಾರದು, ಮೆಲ್ಲನೆ ಚಾಮರದಿಂದ ಗಾಳಿ ಹಾಕಬೇಕು ಎಂಬ ವಿಧಿಯೂ ಇದೆ. ಮಗಳಿಗೆ ಓದಿ ಹೇಳಿದಾಗ, “ಚಾಮರ ಎಲ್ಲಿ?” ಎಂದು ಕೇಳಿದಳು. ನಗುವಂತಿಲ್ಲ, ನಕ್ಕರೆ ಹೊಲಿಗೆ ಎಳೆಯುತ್ತದೆ. ಹೊಟ್ಟೆಯ ಮೇಲೆ ಒಂದು ದಿಂಬನ್ನು ಒತ್ತಿ ಹಿಡಿದುಕೊಂಡು ನಕ್ಕಳು. ಕೆಮ್ಮುವಾಗಲೂ ಸೀನುವಾಗಲೂ ಇದೇ ಉಪಾಯ.

ಸ್ನಾನದ ವಿಷಯದಲ್ಲಿ ಮನೆಯಲ್ಲಿ ಮತಭೇದವಾಯಿತು. ಗಾಯಕ್ಕೆ ನೀರು ಸೋಕಿದರೆ ಕೀವಾಗುವುದೆಂಬುದು ಹಿರಿಯರ ದೃಢವಾದ ನಂಬಿಕೆ. ವೈದ್ಯರು ಅನುಮತಿ ಕೊಟ್ಟ ಮೇಲೆ ಮೇಲಿನಿಂದ ಹರಿಯುವ ಉಗುರುಬೆಚ್ಚನೆಯ ನೀರು ಸೋಕುವುದರಿಂದ ಹಾನಿಯಿಲ್ಲ. ನೀರಿನಲ್ಲಿ ಮುಳುಗಿ ಕುಳಿತುಕೊಳ್ಳುವುದು ಮಾತ್ರ ಗಾಯವು ಪೂರ್ತಿ ಮುಚ್ಚುವ ತನಕ ನಿಷಿದ್ಧ. ವಾಸನೆಯಿಲ್ಲದ ಮೃದುವಾದ ಸೋಪಿನ ನೊರೆಯನ್ನು ಗೆರೆಯ ಮೇಲೆ ಹರಿಯಬಿಟ್ಟರೆ ಸಾಕು. ಆಮೇಲೆ ಒಗೆದ ಹತ್ತಿಯ ಬಟ್ಟೆಯಿಂದ ಒತ್ತಿ ತೇವವನ್ನು ತೆಗೆಯಬೇಕು, ಒರೆಸಬಾರದು. ಹೊಸ ಹೊಕ್ಕುಳಿನ ಗುಳಿಯಲ್ಲಿ ತೇವ ನಿಲ್ಲುವುದು ಹೆಚ್ಚು. ಅದನ್ನು ಮರೆಯದೆ ಒಣಗಿಸಬೇಕು. ಗೆರೆಯ ಮೇಲೆ ಅಂಟಿಸಿದ ಕಾಗದದ ಪಟ್ಟಿಗಳನ್ನು ಕಿತ್ತುಹಾಕದೆ ತಾವಾಗಿ ಬಿಡಲೆಂದು ಕಾಯಬೇಕು.

ಹನ್ನೊಂದನೆಯ ದಿನ ಗೆರೆಯ ಬಲತುದಿಯಲ್ಲಿ, ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಹೊಲಿಗೆ ಬಿಟ್ಟುಕೊಂಡಿತು. ಸ್ವಲ್ಪ ತಿಳಿಯಾದ ನೀರು ಒಸರಿತು. ಆ ಮಧ್ಯಾಹ್ನವೇ ನೆಂಟರಲ್ಲಿ ಒಬ್ಬ ಹಿರಿಯ ಮುತ್ತೈದೆಯವರು ನೋಡಲು ಬಂದಿದ್ದರು. ಬಹಳ ಪ್ರೀತಿಯುಳ್ಳವರು, ನಮ್ಮ ಮಕ್ಕಳ ಬಾಣಂತನಗಳಿಗೆಲ್ಲ ಬಂದು ದುಡಿದವರು. ಅವರು ಆ ಬಾಯಿಯನ್ನು ನೋಡಿದವರೇ ಅಡಿಗೆಮನೆಗೆ ಹೋಗಿ, ಅರಿಸಿನದ ಪುಡಿಯನ್ನು ತುಪ್ಪದಲ್ಲಿ ಕಲಸಿ, ಬಿಸಿಮಾಡಿ, ಬಟ್ಟಲಿನಲ್ಲಿ ತಂದರು. ನಮ್ಮ ಮನೆಯವರು ಎದ್ದು ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟರು. ಅಲ್ಲಿ ನಡೆದ ಮಾತುಕತೆಯನ್ನು ಬರೆಯುವುದು ಬೇಡ. ಹಿರಿಯರ ಮನಸ್ಸು ನೊಂದಿತು. ಬಟ್ಟಲು ಹಾಗೆಯೇ ಅಡಿಗೆಮನೆಗೆ ಹಿಂತಿರುಗಿತು. ಮಗಳನ್ನು ಕಾರಿನಲ್ಲಿ ಕುಳ್ಳಿರಿಸಿಕೊಂಡು ಆಸ್ಪತ್ರೆಗೆ ಹೋದೆವು.

ಅರಿಸಿನದ ಮೇಲೆ ನಮಗೆ ದ್ವೇಷವಿಲ್ಲ. ಅದರ ಗುಣಗಳನ್ನು ನಮ್ಮ ಗ್ರಂಥಗಳೂ ಹೊಗಳಿವೆ, ಇಂದಿನವರೂ ಪರೀಕ್ಷಿಸುತ್ತಿದ್ದಾರೆ. ಆದರೆ ಡಬ್ಬಿಯಲ್ಲಿರುವ ಅಡಿಗೆಯ ಅರಿಸಿನವು ಶುದ್ಧಿಮಾಡಿದ ಔಷಧವಲ್ಲ; ಅದರಲ್ಲಿ ಧೂಳೂ ಸೂಕ್ಷ್ಮಜೀವಿಗಳೂ ಇರುವುವು. ತೆರೆದ ಬಾಯಿಯ ಕೆಳಗೆ, ಎರಡು ವಾರವೂ ಆಗದ ಒಳಹೊಲಿಗೆಗಳಿವೆ. ಶಸ್ತ್ರವೈದ್ಯರು ಆ ಜಾಗವನ್ನು ತೊಳೆದು, ಔಷಧದ ಬಟ್ಟೆಯನ್ನಿರಿಸಿ, ಮತ್ತೆ ಹೊಲಿಯದೆ ತಳದಿಂದ ತಾನಾಗಿ ತುಂಬಿಕೊಳ್ಳಲೆಂದು ಬಿಟ್ಟರು. ಮೂರು ವಾರ ಹಿಡಿಯಿತು. ಇಂಥ ಸಣ್ಣ ಬಿರುಕು ಅಪರೂಪವಲ್ಲವೆಂದೂ, ಭಯಪಡಬೇಕಾದ ಚಿಹ್ನೆಗಳು ಬೇರೆಯೆಂದೂ ಹೇಳಿದರು. ಗಾಯದ ಸುತ್ತ ಕೆಂಪು ದಿನೇದಿನೇ ಹರಡುವುದು, ದುರ್ವಾಸನೆಯ ಕೀವು, ಚಳಿಜ್ವರ, ನಡುಗೆರೆಯ ಚರ್ಮವು ಕಪ್ಪಿಡುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏದುಸಿರು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಚರ್ಮವು ಕಪ್ಪಿಡುವ ಮಾತು ಬಂದುದರಿಂದ ತಂಬಾಕಿನ ವಿಷಯವನ್ನೂ ಹೇಳಬೇಕು. ಎತ್ತಿ ಎಳೆದ ಚರ್ಮದ ಕೆಳ ಅಂಚಿಗೆ ರಕ್ತವು ಬಹು ದೂರದಿಂದ ಬರಬೇಕು. ನಿಕೋಟಿನ್ ಎಂಬ ಸತ್ತ್ವವು ಆ ಸೂಕ್ಷ್ಮನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಚರ್ಮವು ಅಲ್ಲಿಯೇ ಸಾಯುವುದುಂಟು. ಆದಕಾರಣ ಶಸ್ತ್ರಕ್ಕೆ ನಾಲ್ಕು ವಾರ ಮೊದಲೇ ಬಿಡಬೇಕು, ನಾಲ್ಕು ವಾರ ಆಮೇಲೆಯೂ ಮುಟ್ಟಬಾರದು. ಸಿಗರೇಟು ಎಂದೊಡನೆ ನಮ್ಮ ಸ್ತ್ರೀಯರು ತಮಗೆ ಸಂಬಂಧವಿಲ್ಲವೆಂದುಕೊಳ್ಳುತ್ತಾರೆ. ಎಲೆಯಡಿಕೆಯೊಡನೆ ಹಾಕುವ ಕಡ್ಡಿಪುಡಿಯೂ, ಕೆಲವು ಮನೆಗಳ ನಸ್ಯವೂ ಅದೇ ವಸ್ತುವೇ. ಮೊದಲೇ ವೈದ್ಯರಿಗೆ ಹೇಳಿಕೊಳ್ಳಲು ನಾಚಿಕೆ ಬೇಡ.

ಇನ್ನು ಊಟ. ‘ನಂಜು’ ಎಂಬ ಒಂದು ಮಾತಿನಿಂದ ನಮ್ಮ ಮನೆಗಳಲ್ಲಿ ಎಷ್ಟು ಗಾಯಗಳು ಹಸಿವಿನಿಂದ ಬಳಲಿವೆಯೋ ಹೇಳಲಾರೆವು. ಬದನೆ ನಂಜು, ಕುಂಬಳ ನಂಜು, ಕಡಲೆಕಾಯಿ ನಂಜು, ಬೇಳೆ ವಾಯು, ಮೊಸರು ಶೀತ. ಉಳಿದದ್ದು ಮೆಣಸಿನ ಸಾರು, ಅನ್ನ, ಸುಟ್ಟ ಹಪ್ಪಳ. ಮಾಯುವ ಗಾಯಕ್ಕೆ ಬೇಕಾದ ಮುಖ್ಯ ಸಾಮಗ್ರಿಯು ಮಾಂಸಧಾತುವನ್ನು ಕಟ್ಟುವ ಪ್ರೋಟೀನು. ಅದು ಬೇಳೆಯಲ್ಲಿದೆ, ಕಾಳಿನಲ್ಲಿದೆ, ಹಾಲುಮೊಸರುಗಳಲ್ಲಿದೆ, ತಿನ್ನುವವರಿಗೆ ಮೊಟ್ಟೆ ಮೀನುಗಳಲ್ಲಿದೆ. ಕೊಲ್ಲಾಜನ್ ಎಂಬ ನಾರನ್ನು ಹೆಣೆಯಲು ‘ಸಿ’ ಜೀವಸತ್ತ್ವವು ಬೇಕು. ನೆಲ್ಲಿಕಾಯಿ, ಸೀಬೆಹಣ್ಣುಗಳನ್ನು ಯಾರೂ ನಂಜೆಂದಿಲ್ಲವೆಂಬುದು ಸಮಾಧಾನದ ಸಂಗತಿ. ಸಿಹಿಮೂತ್ರದ ರೋಗವುಳ್ಳವರು ಸಕ್ಕರೆಯನ್ನು ಹತೋಟಿಯಲ್ಲಿಡದಿದ್ದರೆ ಯಾವ ಲೇಪವೂ ನಡೆಯದು. ಮಲಬದ್ಧತೆಯಾಗದಂತೆಯೂ ನೋಡಿಕೊಳ್ಳಬೇಕು; ಮುಕ್ಕುವುದು ಒಳಹೊಲಿಗೆಗೆ ಶತ್ರು. ನಮ್ಮ ಮನೆಯಲ್ಲಿ ಹೆಸರುಬೇಳೆಯ ತೊವ್ವೆಯೂ ಒಣದ್ರಾಕ್ಷಿಯ ನೀರೂ ಈ ಎರಡು ಕೆಲಸಗಳನ್ನು ನಡೆಸಿಕೊಟ್ಟುವು.

ಒಂದು ಎಚ್ಚರಿಕೆಯನ್ನು ಬಹಳ ಮಂದಿ ಕೇಳಿರಲಾರರು. ಚರ್ಮವನ್ನು ಬಿಡಿಸುವಾಗ ಸಣ್ಣ ನರಗಳು ಕಡಿದುಹೋಗುವುದರಿಂದ ಹೊಕ್ಕುಳಿನ ಕೆಳಗಣ ಚರ್ಮವು ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುತ್ತದೆ. ಆ ಜಾಗಕ್ಕೆ ಬಿಸಿ ತಿಳಿಯದು. ನೋವೆಂದು ಬಿಸಿನೀರಿನ ಚೀಲವನ್ನಿಟ್ಟರೆ ಬೊಬ್ಬೆ ಎದ್ದ ಮೇಲೆಯೇ ಸುಟ್ಟಿತೆಂದು ಗೊತ್ತಾಗುವುದು. ಶಾಖ ಕೊಡುವುದು ನಮ್ಮ ಮನೆಗಳಲ್ಲಿ ಎಲ್ಲ ನೋವಿಗೂ ಮೊದಲನೆಯ ಮದ್ದಾದುದರಿಂದ ಇದನ್ನು ಒತ್ತಿ ಹೇಳುತ್ತೇವೆ. ಮಂಜುಗಡ್ಡೆಯ ಚೀಲಕ್ಕೂ ಇದೇ ಮಾತು.

ಹೊಟ್ಟೆಯನ್ನು ಅಪ್ಪಿ ಹಿಡಿಯುವ ಬಿಗಿ ಅಂಗಿಯನ್ನು ಆರು ವಾರ ತೊಡಬೇಕಾಯಿತು. ನವೆಂಬರ್ ತಿಂಗಳನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಏಪ್ರಿಲ್ ಸೆಖೆಯಲ್ಲಿ ಅದನ್ನು ತೊಡುವುದು ಶಿಕ್ಷೆ. ಅಂಗಿಯ ಹೊಲಿಗೆಯಂಚು ಗೆರೆಯ ಮೇಲೆ ಕೂಡದಂತೆ, ಒಳಗೆ ಸುಕ್ಕು ಬೀಳದಂತೆ ನೋಡಬೇಕು. ಒಂದು ಸುಕ್ಕು ಒಂದು ರಾತ್ರಿಯಲ್ಲಿ ಚರ್ಮವನ್ನು ಒತ್ತಿ ಹುಣ್ಣುಮಾಡಬಲ್ಲದು. ಎರಡು ಅಂಗಿಗಳಿದ್ದರೆ ದಿನವೂ ಒಗೆದು ಬದಲಾಯಿಸಬಹುದು. ಸೀರೆಯುಡುವವರಿಗೆ ಇನ್ನೊಂದು ಕಷ್ಟ ಲಂಗದ ಲಾಡಿಯದು. ದಿನವೂ ಒಂದೇ ಎಡೆಯಲ್ಲಿ ಬಿಗಿದ ಲಾಡಿಯು ಮಾಯ್ದ ಚರ್ಮವನ್ನೇ ಕಪ್ಪಾಗಿಸುತ್ತದೆ; ಹೊಸ ಕಲೆಯನ್ನು ಬಿಟ್ಟೀತೆ? ಮೂರು ತಿಂಗಳು ಆಕೆ ಸಡಿಲವಾದ ಹತ್ತಿಯ ನಿಲುವಂಗಿಯಲ್ಲಿದ್ದಳು. ಆಮೇಲೆ ಲಾಡಿಗೆ ಬದಲು ಅಗಲವಾದ ಪಟ್ಟಿಯುಳ್ಳ ಲಂಗವನ್ನು ಹೊಲಿಸಿದೆವು. ಗಂಡಸರಲ್ಲಿ ಈ ಶಸ್ತ್ರವಾದವರು ಉಡಿದಾರವನ್ನು ತೆಗೆದಿಡಬೇಕು. ಶಾಸ್ತ್ರಕ್ಕೆ ವಿರೋಧವೆನ್ನುವವರು ಅದನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಲಿ.

ಇಷ್ಟಾಗಿ ಎರಡು ತಿಂಗಳು ಕಳೆಯುವ ಹೊತ್ತಿಗೆ ಮನೆಯವರೆಲ್ಲರೂ ಕೆಲಸ ಮುಗಿಯಿತೆಂದುಕೊಂಡರು. ಮಗಳು ನೆಟ್ಟಗೆ ನಡೆಯುತ್ತಿದ್ದಳು, ನಡುನೋವು ಇಳಿದಿತ್ತು, ಮಕ್ಕಳನ್ನು ಎತ್ತಿಕೊಳ್ಳಬಹುದೆಂದು ಅಪ್ಪಣೆಯಾಗಿತ್ತು. ನಿಜವಾದ ದುಃಖವು ಮೂರನೆಯ ತಿಂಗಳಿನಲ್ಲಿ ಬಂದಿತು. ಮೊದಲು ಎಳೆಯಷ್ಟು ತೆಳ್ಳಗೆ ಇದ್ದ ಗೆರೆಯು ಕೆಂಪೇರಿ, ದಪ್ಪವಾಗಿ, ಹಗ್ಗವನ್ನು ಚರ್ಮದ ಕೆಳಗೆ ಇಟ್ಟಂತೆ ಎದ್ದು ನಿಂತಿತು. ರಾತ್ರಿಯೆಲ್ಲ ತುರಿಕೆ. ಬಲತುದಿಯಂತೂ ಗಂಟು ಗಂಟಾಯಿತು. ಆಕೆ ಬಚ್ಚಲುಮನೆಯ ಕನ್ನಡಿಯ ಮೇಲೆ ಟವಲನ್ನು ಇಳಿಬಿಟ್ಟು ಸ್ನಾನಮಾಡತೊಡಗಿದಳೆಂದು ನಮ್ಮ ಮನೆಯವರು ಹೇಳಿದರು. ಬೇಡಿ ಬಯಸಿ ದುಡ್ಡು ಕೊಟ್ಟು ಇದನ್ನು ತಂದುಕೊಂಡೆನಲ್ಲಾ ಎಂದು ತಾಯಿಯೊಡನೆ ಅತ್ತಳಂತೆ. ರೋಗದಿಂದ ಬಂದ ಕಲೆಯನ್ನು ವಿಧಿಯೆಂದು ಸಹಿಸಬಹುದು. ತಾನೇ ಒಪ್ಪಿ ಪಡೆದ ಕಲೆಯು ತನ್ನನ್ನೇ ಪ್ರಶ್ನೆ ಕೇಳುತ್ತದೆ. ಮೂಗು ಮುರಿದಿದ್ದ ನೆಂಟರ ಮಾತುಗಳು ಆಗ ಆಕೆಯ ಕಿವಿಯಲ್ಲಿ ಮತ್ತೆ ನುಡಿದಿರಬೇಕು.

ಇಲ್ಲಿ ಮನೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ಗಾಯವು ಮುಚ್ಚುವುದು ಬೇರೆ, ಬಲಿಯುವುದು ಬೇರೆ. ಮುಚ್ಚಿದ ಮೂರು ವಾರಕ್ಕೆ ಆ ಗೆರೆಯ ಬಲವು ಸಾಮಾನ್ಯ ಚರ್ಮದ ಬಲದ ಐದರಲ್ಲೊಂದು ಪಾಲಿನಷ್ಟು. ಮೂರು ತಿಂಗಳಿಗೆ ನೂರಕ್ಕೆ ಎಂಬತ್ತರ ಸಮೀಪಕ್ಕೆ ಬರುತ್ತದೆ. ಅದಕ್ಕೆ ಮೀರಿ ಎಂದಿಗೂ ಬರದು. ಬಲವನ್ನು ತಂದುಕೊಳ್ಳುವ ಆತುರದಲ್ಲಿ ದೇಹವು ಮೊದಲು ನಾರನ್ನು ಅಡ್ಡಾದಿಡ್ಡಿಯಾಗಿ, ಬೇಕಾದುದಕ್ಕಿಂತ ಹೆಚ್ಚಾಗಿ ತುಂಬುತ್ತದೆ, ಅದಕ್ಕಾಗಿ ರಕ್ತನಾಳಗಳನ್ನೂ ಹೆಚ್ಚಿಸುತ್ತದೆ, ಕೆಂಪು ಅದರದೇ. ಬಳಿಕ ನಿಧಾನವಾಗಿ ಹಳೆಯ ನಾರನ್ನು ತೆಗೆದು ಹೊಸ ನಾರನ್ನು ಸಾಲಾಗಿ ಜೋಡಿಸುತ್ತದೆ. ಈ ಕೆಲಸಕ್ಕೆ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ಆದುದರಿಂದ ಕಲೆಯು ಅತ್ಯಂತ ವಿಕಾರವಾಗಿ ಕಾಣುವ ಕಾಲವು ಮೊದಲ ಕೆಲವು ತಿಂಗಳುಗಳೇ. ಇದನ್ನು ಶಸ್ತ್ರಕ್ಕೆ ಮುಂಚೆಯೇ ರೋಗಿಗೆ ಬಿಡಿಸಿ ಹೇಳುವುದು ಒಳ್ಳೆಯದು. ನಮ್ಮ ಮಗಳಿಗೆ ಕೊಟ್ಟ ಮುದ್ರಿತ ಪತ್ರಿಕೆಯಲ್ಲಿ ಇದರ ಸುದ್ದಿಯಿರಲಿಲ್ಲ.

ಎದ್ದ ಕಲೆಗಳಲ್ಲಿ ಎರಡು ಜಾತಿ. ಗಾಯದ ಎಲ್ಲೆಯೊಳಗೇ ದಪ್ಪವಾಗಿ ನಿಂತು, ಕಾಲಕ್ರಮದಲ್ಲಿ ತಾನಾಗಿ ಇಳಿಯುವುದು ಒಂದು. ಎಲ್ಲೆಯನ್ನು ಮೀರಿ ಪಕ್ಕದ ಒಳ್ಳೆಯ ಚರ್ಮದೊಳಕ್ಕೆ ಚಾಚುತ್ತ ಬೆಳೆಯುವುದು ಇನ್ನೊಂದು. ಅದಕ್ಕೆ ‘ಕೀಲಾಯ್ಡ್’ ಎಂದು ಹೆಸರು, ಏಡಿಯ ಕೊಂಬನ್ನು ಹೇಳುವ ಗ್ರೀಕ್ ಪದದಿಂದ ಬಂದದ್ದು. ನಮ್ಮಂಥ ಕಂದುಬಣ್ಣದ ಚರ್ಮದವರಲ್ಲಿ ಇದು ಹೆಚ್ಚು, ವಂಶದಲ್ಲಿಯೂ ಹರಿಯುತ್ತದೆ. ಕಿವಿ ಚುಚ್ಚಿದಲ್ಲಿ ಗಂಟಾದವರು ಮನೆತನದಲ್ಲಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಮಗಳದು ಮೊದಲನೆಯ ಜಾತಿಯೆಂದು ವೈದ್ಯರು ನಿರ್ಣಯಿಸಿದರು.

ಉಪಚಾರವೆಂದು ಹೇಳಿದುದು ಸರಳ, ಆದರೆ ತಾಳ್ಮೆಯದು. ಗಾಯವು ಪೂರ್ತಿ ಮುಚ್ಚಿ, ಹೊಪ್ಪಳೆ ಉದುರಿದ ಮೇಲೆ, ಸಿಲಿಕೋನ್ ಹಾಳೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಕಡಮೆಯಿಲ್ಲದಂತೆ ಅಂಟಿಸಿಕೊಂಡಿರಬೇಕು. ಮೂರು ತಿಂಗಳಾದರೂ ಬಿಡದೆ ನಡೆಸಬೇಕು. ಸುಟ್ಟಗಾಯದ ಕಲೆಗಳಿಗೆಂದು ೧೯೮೦ರ ದಶಕದ ಆದಿಯಲ್ಲಿ ಬಳಕೆಗೆ ಬಂದ ಪದಾರ್ಥವಿದು. ಇದರಿಂದ ಔಷಧವೇನೂ ಒಳಗೆ ಇಳಿಯುವುದಿಲ್ಲ. ಕಲೆಯ ಮೇಲ್ಮೈ ಒಣಗದಂತೆ ಮುಚ್ಚಿ, ತೇವವನ್ನು ಕಾಪಾಡುವುದೇ ಇದರ ಮುಖ್ಯ ಗುಣವೆಂದು ತಿಳಿಯಲಾಗಿದೆ. ಹಾಳೆಯನ್ನು ದಿನವೂ ತೊಳೆದು ಒಣಗಿಸಬೇಕು, ಇಲ್ಲವಾದರೆ ಬೆವರುಗುಳ್ಳೆ ಏಳುವುದು. ಬೇಸಗೆಯಲ್ಲಿ ಹಾಳೆ ನಿಲ್ಲದಿದ್ದರೆ ಲೇಪದ ರೂಪದಲ್ಲಿಯೂ ಸಿಕ್ಕುತ್ತದೆ. ಇದರ ಜೊತೆಗೆ ನೀವುವುದು: ಬೆರಳ ತುದಿಯನ್ನು ಕಲೆಯ ಮೇಲಿಟ್ಟು, ಚರ್ಮದ ಮೇಲೆ ಜಾರಿಸದೆ, ಚರ್ಮವನ್ನೇ ಕೆಳಗಿನ ಪದರದ ಮೇಲೆ ಸಣ್ಣ ಸುತ್ತುಗಳಾಗಿ ಅಲುಗಿಸುವುದು, ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ಐದು ನಿಮಿಷ. ಯಾವ ಎಣ್ಣೆಯಿಂದ ಎಂಬ ಪ್ರಶ್ನೆ ದೊಡ್ಡದಲ್ಲ. ನಮ್ಮ ಮನೆಯ ಕೊಬ್ಬರಿ ಎಣ್ಣೆ ಸಾಕಾಯಿತು. ಗಾಯ ಮುಚ್ಚುವ ಮುನ್ನ ನೀವಬಾರದೆಂಬುದನ್ನು ಹೇಳಬೇಕಾಗಿಲ್ಲ. ಹೊಟ್ಟೆಯನ್ನು ಬಿಸಿಲಿಗೆ ತೋರುವ ಪದ್ಧತಿ ನಮ್ಮಲ್ಲಿಲ್ಲವಾದರೂ, ಸೀರೆಯ ನಡುವೆ ಹೊಕ್ಕುಳಿನ ಕಲೆಯು ಕಾಣುವವರು ಬಿಸಿಲುತಡೆಯ ಲೇಪವನ್ನು ಒಂದು ವರ್ಷ ಬಿಡಬಾರದು. ಹೊಸ ಕಲೆಯು ಬಿಸಿಲಿಗೆ ಕಪ್ಪಾದರೆ ಆ ಕಪ್ಪು ಬಹುಕಾಲ ನಿಲ್ಲುತ್ತದೆ.

ಅಂಗಡಿಗಳಲ್ಲಿ ಕಲೆಯನ್ನು ಅಳಿಸುವೆವೆಂದು ಸಾರುವ ಲೇಪಗಳಿಗೆ ಲೆಕ್ಕವಿಲ್ಲ. ‘ಇ’ ಜೀವಸತ್ತ್ವದ ಗುಳಿಗೆಯನ್ನು ಒಡೆದು ಹಚ್ಚಿರೆಂದು ನೆರೆಹೊರೆಯ ನಾಲ್ವರು ಹೇಳಿದರು. ಅಮೆರಿಕದಲ್ಲಿ ೧೯೯೯ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ ಅದನ್ನು ಹಚ್ಚಿದ ಕಲೆಗಳು ಹೆಚ್ಚು ಅಂದವಾಗಲಿಲ್ಲ. ಮೂವರಲ್ಲಿ ಒಬ್ಬರಿಗೆ ಚರ್ಮದಲ್ಲಿ ಉರಿಗಜ್ಜಿ ಎದ್ದಿತು. ಅದನ್ನು ಹೇಳಿದರೂ ನಾಲ್ವರೂ ಒಪ್ಪಲಿಲ್ಲ.

ಸುಶ್ರುತರ ಚಿಕಿತ್ಸಾಸ್ಥಾನದಲ್ಲಿ ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಎಣಿಸಿದೆ. ಅವುಗಳಲ್ಲಿ ಕೆಲವು ಗಾಯ ಮಾಯ್ದ ಮೇಲಿನವು: ಬಿಳಿಚಿದ ಕಲೆಗೆ ಕಪ್ಪು ತರುವ ಕೃಷ್ಣಕರ್ಮ, ಕಪ್ಪಾದುದನ್ನು ತಿಳಿಗೊಳಿಸುವ ಪಾಂಡುಕರ್ಮ, ಕೂದಲು ಹುಟ್ಟದ ಕಲೆಯಲ್ಲಿ ಕೂದಲನ್ನು ಹುಟ್ಟಿಸುವ ಕರ್ಮ ಕೂಡ. ಸೂತ್ರಸ್ಥಾನದಲ್ಲಿ ಚೆನ್ನಾಗಿ ಮಾಯ್ದ ವ್ರಣದ ಲಕ್ಷಣವನ್ನು ಹೇಳುವಾಗ ಗಂಟಿಲ್ಲದಿರುವುದು, ಊತವಿಲ್ಲದಿರುವುದು, ನೋವಿಲ್ಲದಿರುವುದು, ಚರ್ಮದ ಬಣ್ಣವನ್ನೇ ಹೊಂದಿ ಸಮತಲವಾಗಿರುವುದು, ಇವನ್ನು ಎಣಿಸಿದ್ದಾರೆ. ಕಲೆಯ ಅಂದವನ್ನು ಕುರಿತು ಚಿಂತಿಸುವುದು ಚಪಲವೆಂದು ಆ ಹಳೆಯ ಶಸ್ತ್ರವೈದ್ಯರು ಭಾವಿಸಲಿಲ್ಲ. ಈ ಭಾಗವನ್ನು ನಾವು ಮಗಳಿಗೆ ಒಂದು ಸಾಯಂಕಾಲ ವಿವರಿಸಿದೆವು. ಆಕೆ ಏನೂ ಹೇಳಲಿಲ್ಲ. ಆದರೆ ಆ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಅಳಿಯಂದಿರು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಪ್ರತಿ ತಿಂಗಳ ಮೊದಲನೆಯ ಭಾನುವಾರ, ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ದೂರದ ಅಳತೆಯಿಂದ ಫೋನಿನಲ್ಲಿ ಆ ಗೆರೆಯ ಚಿತ್ರವನ್ನು ತೆಗೆದಿಟ್ಟರು. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಆರನೆಯ ತಿಂಗಳಿನಲ್ಲಿ ಮೂರನೆಯದರ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿದಾಗ ಎಡಭಾಗದ ಗೆರೆ ಮಟ್ಟಸವಾಗಿ ಕಂದುಬಣ್ಣಕ್ಕೆ ತಿರುಗಿದ್ದುದು ಎಲ್ಲರಿಗೂ ಕಂಡಿತು. ಬಲತುದಿಯ ಗಂಟು ಮಾತ್ರ ಜಗ್ಗಲಿಲ್ಲ. ಅದಕ್ಕೆ ಚರ್ಮವೈದ್ಯರು ಟ್ರೈಯಾಮ್ಸಿನೊಲೋನ್ ಎಂಬ ಔಷಧವನ್ನು ತಿಂಗಳಿಗೊಮ್ಮೆ ಮೂರು ಸಲ ಕಲೆಯೊಳಕ್ಕೇ ಚುಚ್ಚಿದರು. ಬಲು ನೋವಿನ ಚುಚ್ಚು. ಗಂಟು ಕರಗಿತು, ತುರಿಕೆ ನಿಂತಿತು. ಆ ಜಾಗವು ಇಂದಿಗೂ ಉಳಿದುದಕ್ಕಿಂತ ಅಗಲವಾಗಿಯೇ ಇದೆ, ಸ್ವಲ್ಪ ಬಿಳಿಚಿದೆ. ಕೃಷ್ಣಕರ್ಮ ಬೇಕೆ ಎಂದು ಕೇಳಿದೆವು, ಬೇಡವೆಂದಳು.

ಅವಳಿಗಳಲ್ಲಿ ದೊಡ್ಡವನು ಒಂದು ದಿನ ತಾಯಿಯ ಮಗ್ಗುಲಲ್ಲಿ ಮಲಗಿದ್ದಾಗ ಹೊಟ್ಟೆಯ ಗೆರೆಯ ಮೇಲೆ ಬೆರಳಿಟ್ಟು, ತಾವಿಬ್ಬರೂ ಹೊರಗೆ ಬಂದ ಬಾಗಿಲು ಇದೇಯೇ ಎಂದು ಕೇಳಿದನಂತೆ. ಆ ಬಾಗಿಲು ಹೋಯಿತು, ಇದು ಅದನ್ನು ಮುಚ್ಚಿದ ಗೋಡೆ, ಎಂದು ಆಕೆ ಉತ್ತರ ಕೊಟ್ಟಳಂತೆ. ಬಚ್ಚಲುಮನೆಯ ಕನ್ನಡಿಯ ಮೇಲಿನ ಟವಲು ಯಾವಾಗ ಹೋಯಿತೆಂಬುದನ್ನು ನಮ್ಮ ಮನೆಯವರೂ ಗಮನಿಸಲಿಲ್ಲ.

ಈಗ ಹದಿನೆಂಟು ತಿಂಗಳು ಕಳೆದಿವೆ. ಹೊಕ್ಕುಳಿನ ಕೆಳಗೆ ಅಂಗೈಯಗಲದ ಜಾಗದಲ್ಲಿ ಸ್ಪರ್ಶವು ಇನ್ನೂ ಪೂರ್ತಿಯಾಗಿ ಮರಳಿಲ್ಲ. ನೆರಿಗೆಯನ್ನು ಸಿಕ್ಕಿಸುವುದು ಅಲ್ಲಿಯೇ ಆದುದರಿಂದ, ಪಿನ್ನು ಚುಚ್ಚಿದರೂ ಆಕೆಗೆ ತಿಳಿಯುವುದಿಲ್ಲ. ಪಿನ್ನನ್ನು ಕನ್ನಡಿಯ ಮುಂದೆ ನಿಂತು, ನೋಡಿಕೊಂಡೇ ಹಾಕಿಕೊಳ್ಳುತ್ತಾಳೆ.